ಹೊಲಿಗೆ ಕೋಣೆಯ ಬಾಗಿಲು ಕಾದವನು

ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಲಾಂಡ್ರಿ ಕೆಲಸದ ಅನುಭವ ಬರೆದುಕೊಡಿ ಎಂದು ಸಂಪಾದಕರು ಕೇಳಲು ಶುರುಮಾಡಿ ಮೂರು ವರ್ಷವಾಯಿತು. ಮೊದಲ ವರ್ಷ ಕಣ್ಣಿನ ಆಪರೇಷನ್ ಎಂದೆ. ಎರಡನೆಯ ವರ್ಷ ಮೊಮ್ಮಗಳ ಪರೀಕ್ಷೆ ಎಂದೆ. ಅವಳ ಪರೀಕ್ಷೆಗೂ ನಿಮ್ಮ ಬರವಣಿಗೆಗೂ ಏನು ಸಂಬಂಧ ಎಂದು ಅವರು ಕೇಳಲಿಲ್ಲ, ದೊಡ್ಡ ಮನಸ್ಸಿನವರು. ನಿಜ ಹೇಳಬೇಕೆಂದರೆ, ಬರೆಯಲು ಕುಳಿತರೆ ಒಂದು ಭಾನುವಾರದ ವಿಷಯ ಬರೆಯಬೇಕಾಗುತ್ತದೆ, ಅದನ್ನು ಬಿಟ್ಟು ಬರೆದರೆ ಉಳಿದದ್ದಕ್ಕೂ ಬೆಲೆ ಇಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೇ ಮುಂದಕ್ಕೆ ಹಾಕುತ್ತ ಬಂದೆ.

ನಾನು ವಿಜಯಪುರ ಜಿಲ್ಲೆಯವನು. ಹತ್ತನೆಯ ಇಯತ್ತೆ ಪಾಸಾಗಿ ಮುಂಬಯಿಗೆ ಬಂದವನು ಗೋರೆಗಾಂವ್‌ನ ಒಂದು ದೊಡ್ಡ ಲಾಂಡ್ರಿ ಸೇರಿದೆ, ಅಲ್ಲೇ ಮುದುಕನಾದೆ. ಮನೆ ಮನೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲ. ಆಸ್ಪತ್ರೆಗಳ, ಹೋಟೆಲುಗಳ ಚಾದರ, ಟವೆಲ್, ಡಾಕ್ಟರರ ಕೋಟುಗಳನ್ನು ಟ್ರಕ್ಕಿನಲ್ಲಿ ತಂದು, ಒಗೆದು, ಇಸ್ತ್ರಿ ಮಾಡಿ, ಮರುದಿನ ಅವರವರಿಗೆ ಮುಟ್ಟಿಸುವ ಪ್ಲಾಂಟ್. ಹೆಲ್ಪರ್ ಆಗಿ ಸೇರಿದವನು ಕೊನೆಗೆ ಸೂಪರ್‌ವೈಸರ್ ಆದೆ. ಹೇಗೆ ಆದೆ ಎಂಬುದು ಯಾರಿಗೂ ಬೇಡದ ಕಥೆ. ಈಗ ಈ ಕೆಲಸಕ್ಕೆ ಸೇರುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಬೇಕಾಗುವುದನ್ನಷ್ಟೇ ಬರೆಯುತ್ತೇನೆ.

ನನಗೆ ಕೆಲಸ ಕಲಿಸಿದವರು ಒಬ್ಬ ಉಸ್ತಾದರು. ಬಟ್ಟೆಯಲ್ಲಿ ಸೋಡಾ ಉಳಿದಿದೆಯೋ ಇಲ್ಲವೋ ಎಂದು ನೋಡಲು ಒದ್ದೆ ಚಾದರದ ಅಂಚನ್ನು ನಾಲಿಗೆಗೆ ಮುಟ್ಟಿಸುತ್ತಿದ್ದರು. ಚುರ್ ಎಂದರೆ ಮತ್ತೊಮ್ಮೆ ನೀರಿಗೆ. ಆಸ್ಪತ್ರೆಯ ಚಾದರಕ್ಕೂ ಅದೇ ನಾಲಿಗೆ. ನಾವು ಮುಖ ತಿರುಗಿಸುತ್ತಿದ್ದೆವು, ಅವರು ನಗುತ್ತಿದ್ದರು. ಮುಂದೆ ಬಣ್ಣ ಬದಲಿಸುವ ಕಾಗದದ ಪಟ್ಟಿ ಬಂತು. ಆಮೇಲೆ ಸೋಪು, ಸೋಡಾಗಳನ್ನು ತಾನೇ ಅಳೆದು ಹಾಕುವ ಮಷೀನು ಬಂತು. ನಾಲಿಗೆ ಹಚ್ಚುವ ಕೆಲಸ ಹೋದದ್ದಕ್ಕೆ ಯಾರೂ ಅಳಲಿಲ್ಲ.

ಆ ಉಸ್ತಾದರದೇ ಇನ್ನೊಂದು ಪದ್ಧತಿ ಇತ್ತು. ಇಸ್ತ್ರಿಯ ರೋಲರ್ ಮಷೀನಿನ ಮುಂದೆ ನಿಂತವರು ಜಾಗ ಬಿಟ್ಟು ಕದಲುವಂತಿಲ್ಲ. ಚಾದರ ಬರುತ್ತಲೇ ಇರುತ್ತದೆ, ಕೈ ತೆಗೆದರೆ ಮಡಚಿಕೊಂಡು ಸುಟ್ಟುಹೋಗುತ್ತದೆ. ಹಾಗಾಗಿ ಮಧ್ಯಾಹ್ನ ಮೂರೂವರೆಗೆ ಚಹಾ ಬಂದಾಗ ಮಷೀನು ಬಿಡಲಾಗದವರಿಗೆ ಸೂಪರ್‌ವೈಸರನೇ ಗ್ಲಾಸ್ ಒಯ್ದು ಕೊಡಬೇಕು. ಬೇರೆ ಯಾರ ಕೈಯಲ್ಲೂ ಕಳಿಸಬಾರದು. ನಾನು ಸೂಪರ್‌ವೈಸರ್ ಆದಮೇಲೆ ಒಂದು ದಿನವೂ ಇದನ್ನು ತಪ್ಪಿಸಲಿಲ್ಲ.

ನನ್ನ ಮೊದಲ ದೊಡ್ಡ ತಪ್ಪು ಹಲ್ಲಿನ ಸೆಟ್ಟಿನದು. ಆಸ್ಪತ್ರೆಯ ಚಾದರ ಕೊಡವಿದಾಗ ಏನೇನೋ ಬೀಳುತ್ತದೆ: ಕನ್ನಡಕ, ಮೋದಕದ ಚೂರು, ದೇವರ ಫೋಟೊ. ಒಮ್ಮೆ ಪೂರ್ತಿ ಹಲ್ಲಿನ ಸೆಟ್ಟೇ ಬಿತ್ತು. ತೊಳೆದು ಚೀಲಕ್ಕೆ ಹಾಕಿ ಕಳಿಸಿದೆ, ಆದರೆ ಬೇರೆ ಆಸ್ಪತ್ರೆಗೆ. ಹಲ್ಲಿನ ಯಜಮಾನರು ನಾಲ್ಕು ದಿನ ಗಂಜಿ ಕುಡಿದರು. ಉಸ್ತಾದರು ನನ್ನನ್ನು ಅವರ ಮಂಚದ ತನಕ ಕರೆದೊಯ್ದು ಕೈಮುಗಿಸಿದರು. ಆ ಅಜ್ಜ ಬೊಚ್ಚು ಬಾಯಿ ತೆರೆದು ನಕ್ಕು, "ಅರೆ, ಸುಸರಾಲ್ ಘೂಮ್ ಕೆ ಆಯೇ ಮೇರೆ ದಾಂತ್!" ಎಂದರು. ಅವರ ಹಲ್ಲು ಮಾವನ ಮನೆ ತಿರುಗಿ ಬಂದವಂತೆ! ತಪ್ಪು ಒಪ್ಪಿಕೊಂಡು ಹೊರಬರುವಾಗ ಮೈ ಎಷ್ಟು ಹಗುರಾಗಿತ್ತು ಎಂಬುದು ನನಗೆ ನೆನಪಿದೆ. ಅಂದರೆ, ಹೇಗೆ ಒಪ್ಪಿಕೊಳ್ಳಬೇಕು ಎಂಬುದು ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಈಗ ಆ ಭಾನುವಾರದ ಹೆಣ್ಣುಮಗಳ ವಿಷಯ.

ಚಾದರಗಳಿಗೆ ಚಿಪ್ ಹೊಲಿದು ಕಂಪ್ಯೂಟರಿನಲ್ಲಿ ಎಣಿಸುವ ಪದ್ಧತಿ ಬಂದಾಗ ಆ ಕೆಲಸಕ್ಕೆಂದು ಆಕೆಯನ್ನು ತೆಗೆದುಕೊಂಡರು. ಯಾದಗಿರಿ ಕಡೆಯ ಗಾರೆ ಕೆಲಸದ ಗೌಂಡಿಯೊಬ್ಬರ ಮಗಳು, ಹುಟ್ಟಿದ್ದು ಬೆಳೆದದ್ದು ಇಲ್ಲೇ ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ. ಬಿ.ಕಾಂ. ಮಾಡಿದ್ದಳು. ಮುವ್ವತ್ತರ ಹತ್ತಿರದ ವಯಸ್ಸು. ಎರಡು ವರ್ಷ ಕಳೆಯುವುದರೊಳಗೆ ಯಾವ ಟ್ರಕ್ಕು ಎಲ್ಲಿದೆ, ಯಾವ ಆಸ್ಪತ್ರೆಗೆ ಎಷ್ಟು ಚಾದರ ಬಾಕಿ ಎಂದು ಬಾಯಲ್ಲೇ ಹೇಳುತ್ತಿದ್ದಳು. ಭಿವಂಡಿಯಲ್ಲಿ ಹೊಸ ಪ್ಲಾಂಟ್ ಶುರುವಾಗುವುದಿತ್ತು. ಅಲ್ಲಿನ ಪ್ಲ್ಯಾನಿಂಗ್ ಜಾಗ ಆಕೆಗೇ ಎಂದು ಎಲ್ಲರೂ ಅಂದುಕೊಂಡಿದ್ದೆವು. ಆದರೆ ಅದಕ್ಕೆ ಎಂಬಿಎ ಬೇಕು ಎಂದು ಹೆಡ್ ಆಫೀಸಿನವರು ಹೇಳಿದರು. ಆಕೆ ಸೇರಿಯೇ ಬಿಟ್ಟಳು. ಕೆಲಸ ಬಿಡದೆ, ಕಾಲೇಜಿಗೆ ಹೋಗದೆ, ಬಿಡುವಾದಾಗ ಫೋನಿನಲ್ಲೇ ಪಾಠ ಕೇಳಿ ಮುಗಿಸುವ ಎಂಬಿಎ.

"ಯಾವಾಗ ಬೇಕಾದ್ರೂ ಓದಬಹುದು ರೀ ಕಾಕಾ. ಫುಲ್ ಫ್ಲೆಕ್ಸಿಬಲ್" ಎಂದಳು. ಪ್ಲಾಂಟಿನಲ್ಲಿ ಎಲ್ಲರಿಗೂ ನಾನು ಕಾಕಾ.

"ಯಾವಾಗ ಬೇಕಾದ್ರೂ ಅಂದ್ರ, ನಿನಗ ಯಾವಾಗ ಬಿಡುವು ಐತಿ?"

"ಅದs ನೋಡ್ರಿ ಪ್ರಾಬ್ಲೆಮ್ಮು!" ಎಂದು ನಕ್ಕಳು.

ಬೆಳಿಗ್ಗೆ ವಡಾಳಾದಿಂದ ಗೋರೆಗಾಂವ್ ಲೋಕಲ್‌ನಲ್ಲಿ ನಿಂತುಕೊಂಡೇ ಒಂದು ಪಾಠ, ಸಂಜೆ ಹೋಗುವಾಗ ಇನ್ನೊಂದು. ಊಟದ ಬಿಡುವಿನಲ್ಲಿ ಡಬ್ಬಿಯ ಪಕ್ಕದಲ್ಲಿ ಫೋನ್ ನಿಲ್ಲಿಸಿಕೊಂಡು ಮತ್ತೊಂದು. ಆಕೆಗೆ ಎಂಬಿಎ ಬಾಯಿ ಎಂದು ಹೆಸರಿಟ್ಟವನು ನಾನೇ. "ಎಂಬಿಎ ಬಾಯಿ, ಜರಾ ಟವೆಲ್ ಭೀ ಗಿನ್ ಲೋ" ಎಂದು ಲೋಡರ್‌ಗಳೂ ಆಡಿಕೊಳ್ಳುತ್ತಿದ್ದರು. "ಗಿನ್ ಲೇತೀ ಹೂಂ, ತುಮ್ ಪೆಹಲೆ ಠೀಕ್ ಸೆ ಬಾಂಧ್ ಕೆ ಲಾಓ" ಎಂದು ಆಕೆ ತಿರುಗಿಸಿ ಕೊಡುತ್ತಿದ್ದಳು, ಎಣಿಸುತ್ತೇನೆ, ಮೊದಲು ಸರಿಯಾಗಿ ಕಟ್ಟಿಕೊಂಡು ಬನ್ನಿ ಎಂದು. ನಗುತ್ತಲೇ ಹೇಳಿದರೂ ಕೇಳಿ ಕೇಳಿ ಆಕೆಗೆ ಬೇಸರವಾಗುತ್ತಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಹತ್ತನೆಯ ಇಯತ್ತೆಯವನ ಹೊಟ್ಟೆಯಲ್ಲಿ ಸ್ವಲ್ಪ ಉರಿಯೂ ಇತ್ತೇನೋ.

ಎಂಬಿಎಯ ಒಂದು ವಿಷಯಕ್ಕೆ ಆಕೆ ನಮ್ಮ ಪ್ಲಾಂಟಿನ ಮೇಲೆಯೇ ಪ್ರಾಜೆಕ್ಟ್ ಬರೆಯಬೇಕಿತ್ತು. ವಹಿ ಹಿಡಿದು ನನ್ನ ಹಿಂದೆ ಹದಿನೈದು ದಿನ ತಿರುಗಿದಳು. ಇಸ್ತ್ರಿ ಮಷೀನಿನ ಮುಂದೆ ಹತ್ತು ಗಂಟೆಗೆ ಒದ್ದೆ ಚಾದರದ ಗುಡ್ಡ ಬೀಳುವುದು ಯಾಕೆ ಎಂದು ಕೇಳಿದಳು.

"ಅದು ಮೊದಲಿನಿಂದ ಹಂಗs ಅವ್ವಾ. ಇಸ್ತ್ರಿ ಮಷೀನ್ ಕಮ್ಮಿ ಅದಾವ."

"ಮಷೀನ್ ಕಮ್ಮಿ ಇಲ್ಲ ಕಾಕಾ. ಒಗಿಯೂ ಮಷೀನ್ ಮೂರೂ ಒಂದs ಟೈಮಿಗೆ ಚಾಲೂ ಮಾಡ್ತೀರಿ, ಮೂರೂ ಒಂದs ಟೈಮಿಗೆ ಮುಗೀತಾವ. ಇಪ್ಪತ್ತ್ ಇಪ್ಪತ್ತ್ ಮಿನಿಟ್ ಹಿಂದ ಮುಂದ ಮಾಡಿ ನೋಡ್ರಿ."

ಮಾಡಿ ನೋಡಿದೆ. ಗುಡ್ಡ ಮಾಯವಾಯಿತು. ಮುವ್ವತ್ತು ವರ್ಷ ಆ ಗುಡ್ಡವನ್ನು ನೋಡುತ್ತಲೇ ಇದ್ದವನು ನಾನು. ಮ್ಯಾನೇಜರ್ ಸಾಹೇಬರು ಬಂದು ನನ್ನ ಬೆನ್ನು ತಟ್ಟಿ, "ಕಾಕಾ, ಕಮಾಲ್ ಕರ್ ದಿಯಾ" ಎಂದರು. ಇದು ಅವಳದು ಎಂದು ಹೇಳಲು ಬಾಯಿ ತೆರೆದೆ, ಆದರೆ ಅವರು ಅಷ್ಟರಲ್ಲಿ ಮುಂದೆ ಹೋಗಿದ್ದರು. ಹಿಂದೆ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಆದರೆ ಅಂದಿನಿಂದ ಆಕೆಯ ಓದು ನನಗೆ ತಮಾಷೆಯಾಗಿ ಉಳಿಯಲಿಲ್ಲ. ರಜೆಯ ಚಾರ್ಟ್ ಬರೆಯುವ ಮೊದಲೇ ಆಕೆಯನ್ನು ಕೇಳಿ ಆಕೆಯ ವಾರದ ರಜೆ ಹಾಕತೊಡಗಿದೆ.

ಕೊನೆಯ ಟರ್ಮಿನ ಪರೀಕ್ಷೆಗಳು ಬಂದವು. ಪರೀಕ್ಷೆಯೂ ಲ್ಯಾಪ್‌ಟಾಪಿನಲ್ಲೇ. ಕುಳಿತ ಜಾಗದಲ್ಲೇ ಬರೆಯಬೇಕು, ಕ್ಯಾಮೆರಾ ಮೇಲ್ವಿಚಾರಕನಂತೆ ನೋಡುತ್ತಿರುತ್ತದೆ. ಮೊದಲಿನ ಟರ್ಮುಗಳಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ಬರೆದಿದ್ದಳಂತೆ. ಆ ಗೆಳತಿ ಮದುವೆಯಾಗಿ ಪುಣೆಗೆ ಹೋಗಿದ್ದಳು. ಇವಳ ಮನೆಯಲ್ಲೋ ಒಂದೇ ಖೋಲಿ, ಆರು ಮಂದಿ. ಗೋಡೆಯಾಚೆ ಪಕ್ಕದವರ ಟಿವಿ.

"ಭಾನುವಾರ ಹೊಲಿಗಿ ಕೋಣಿ ಖಾಲಿ ಇರತದಲ್ಲ ಕಾಕಾ" ಎಂದು ಆಕೆ ಅಳುಕುತ್ತ ಕೇಳಿದಳು.

ಹರಿದ ಚಾದರ ಹೊಲಿಯುವ ಆ ಕೋಣೆಗೆ ಭಾನುವಾರ ಟೇಲರ್‌ಗಳು ಬರುತ್ತಿರಲಿಲ್ಲ. ಆದರೆ ಆಸ್ಪತ್ರೆಯ ಶುದ್ಧ ಬಟ್ಟೆ ಇಡುವ ಜಾಗವಾದ್ದರಿಂದ ವಹಿಯಲ್ಲಿ ಬರೆಯದೆ ಯಾರೂ ಒಳಗೆ ಹೋಗಬಾರದು, ಸ್ವಂತ ಕೆಲಸಕ್ಕಂತೂ ಹೋಗಲೇಬಾರದು ಎಂದು ನಿಯಮವಿತ್ತು. ಕೀಲಿ ನನ್ನ ಹತ್ತಿರ ಇತ್ತು. ಕೊಟ್ಟೆ. ಇದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ.

ಅಂದು ಆಕೆ ಬೇಗ ಬಂದು ಮೇಜು ಒರೆಸಿ, ಹೊಲಿಗೆ ಮಷೀನುಗಳಿಗೆ ಬಿಳಿ ಚಾದರ ಹೊದಿಸಿ, ಲ್ಯಾಪ್‌ಟಾಪ್ ಎತ್ತಿ ನಾಲ್ಕೂ ಗೋಡೆಗಳನ್ನು ಕ್ಯಾಮೆರಾಕ್ಕೆ ಹೇಗೆ ತೋರಿಸಬೇಕು ಎಂದು ಅಭ್ಯಾಸ ಮಾಡಿದಳು.

"ಎರಡರಿಂದ ಐದರ ತನಕಾ ಕಾಕಾ. ಮೂರು ತಾಸು ಯಾರೂ ಒಳಗ ಬರಬಾರ್ದು. ಯಾರ ದನೀನೂ ಕೇಳಬಾರ್ದು."

"ಯಾವನ ಅಪ್ಪ ಬಂದ್ರೂ ಬಿಡೂದಿಲ್ಲ. ನೀ ಬರಿ ಹೋಗು" ಎಂದೆ.

ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಕುಳಿತೆ. ದಾರದ ಉಂಡೆ ಬೇಕೆಂದು ಒಬ್ಬ ಬಂದ, ಓಡಿಸಿದೆ. ವಾಚ್‌ಮನ್ ಬಂದ, ಬಾಯಿಗೆ ಬೆರಳಿಟ್ಟು ಕಳಿಸಿದೆ. ಅಂಗಳದಲ್ಲಿ ಟ್ರಕ್ಕಿನವನು ಹಾರ್ನ್ ಹೊಡೆದದ್ದಕ್ಕೆ ಓಡಿಹೋಗಿ ಬೈದು ಬಂದೆ. ನನ್ನ ಮಗಳೇ ಪರೀಕ್ಷೆಗೆ ಕುಳಿತಿದ್ದರೂ ಅಷ್ಟು ಕಾಯುತ್ತಿರಲಿಲ್ಲ.

ಮೂರೂವರೆಗೆ ಚಹಾ ಬಂತು.

ರೋಲರ್ ಮಷೀನಿನವರಿಗೆ ಕೊಟ್ಟು ಬಂದೆ. ಒಂದು ಗ್ಲಾಸ್ ಉಳಿಯಿತು. ಒಳಗೆ ಒಬ್ಬಳು ಒಂದೂವರೆ ತಾಸಿನಿಂದ ಜಾಗ ಬಿಟ್ಟು ಕದಲಲಾಗದೆ ಕುಳಿತಿದ್ದಾಳೆ. ಅವಳದೂ ಒಂದು ಮಷೀನೇ. ಯಾರೂ ಒಳಗೆ ಬರಬಾರದು ಎಂದು ಆಕೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆ ಯಾರೂ ಎಂಬುದರಲ್ಲಿ ನಾನೂ ಸೇರಿದ್ದೇನೆ ಎಂದು ಮಾತ್ರ ಹೊಳೆಯಲಿಲ್ಲ. ಬಾಗಿಲು ಕಾಯುವವನು ನಾನು, ನಾನು ಹೊರಗಿನವನು ಹೇಗೆ ಆದೇನು? ಚಪ್ಪಲಿ ಬಿಟ್ಟು, ಸದ್ದಾಗದಂತೆ ಬಾಗಿಲು ತೆರೆದು ಒಳಗೆ ಹೋದೆ.

ಗ್ಲಾಸ್ ಮೇಜಿನ ಮೇಲೆ ಇಟ್ಟೆ. ಆಕೆ ಕಣ್ಣು ಎತ್ತಲಿಲ್ಲ, ಮೇಜಿನ ಕೆಳಗೆ ಕೈಯನ್ನು ಜೋರಾಗಿ ಅಲ್ಲಾಡಿಸಿದಳು. ಚಹಾ ಬೇಡ ಎನ್ನುತ್ತಿದ್ದಾಳೆ ಎಂದುಕೊಂಡೆ. ಪರದೆಯ ಮೇಲೆ ಒಂದು ನಕ್ಷೆ ಇತ್ತು, ಬಾಣದ ಗುರುತುಗಳು, ಚೌಕಗಳು. ಆಕೆ ನಮ್ಮ ಒಗೆಯುವ ಮಷೀನುಗಳಿಗೆ ಬರೆದಿದ್ದಂಥದೇ. ನನಗೆ ಖುಷಿಯಾಯಿತು. ಅದರ ಮೇಲೆ ಬೆರಳಿಟ್ಟು, "ಇದು ನಮ್ಮ ಒಗಿಯೂ ಮಷೀನಿಂದs ಅಲ್ಲೇನವ್ವಾ?" ಎಂದೆ.

ಲ್ಯಾಪ್‌ಟಾಪಿನೊಳಗಿಂದ ಗಂಡಸಿನ ದನಿಯೊಂದು ಇಂಗ್ಲಿಷಿನಲ್ಲಿ ಏನೋ ಕೇಳಿತು. ಕ್ಯಾಮೆರಾದಲ್ಲಿ ಪರೀಕ್ಷೆ ಕಾಯುತ್ತಿದ್ದವನು ಕೋಣೆಯಲ್ಲಿ ಯಾರಿದ್ದಾರೆ ಎಂದು ಕೇಳಿದ್ದಂತೆ. ಯಾರೋ ದೊಡ್ಡ ಸಾಹೇಬರು ಎಂದು ನಾನು ಕೈಮುಗಿದು, "ನಮಸ್ಕಾರ್ ಸಾಬ್, ಮೈಂ ಇಧರ್ ಕಾ ಹೀ ಆದ್ಮಿ ಹೂಂ" ಎಂದೆ, ನಾನು ಇಲ್ಲಿಯವನೇ ಎಂದು. ಪರದೆ ಬಿಳಿಯಾಯಿತು. ಮಧ್ಯದಲ್ಲಿ ಎರಡು ಸಾಲು ಕೆಂಪು ಅಕ್ಷರ, ಪರೀಕ್ಷೆ ನಿಲ್ಲಿಸಲಾಗಿದೆ ಎಂದು.

ಆಕೆ ಲ್ಯಾಪ್‌ಟಾಪ್ ಮುಚ್ಚಿದಳು. ಬೈಯುತ್ತಾಳೆ ಎಂದುಕೊಂಡೆ. "ಹೋಗ್ಲಿ ಬಿಡ್ರಿ ಕಾಕಾ. ನಿಮಗ ಹೆಂಗ ಗೊತ್ತಾಗಬೇಕು? ಅವರಿಗೆ ಬರದು ಹೇಳಿದ್ರ ಆಗ್ತದ" ಎಂದು ಸಮಾಧಾನ ಹೇಳಿದಳು. ಸಮಾಧಾನ ಬೇಕಾಗಿದ್ದದ್ದು ಆಕೆಗೆ.

ಎರಡು ದಿನಕ್ಕೆ ವಿಶ್ವವಿದ್ಯಾಲಯದಿಂದ ಮೇಲ್ ಬಂತು, ಒಂದು ಫೋಟೊ ಸಮೇತ. ಅದರಲ್ಲಿ ನನ್ನ ಮುಖ ಇರಲಿಲ್ಲ. ಪ್ಲಾಂಟಿನಲ್ಲಿ ಎಲ್ಲರೂ ಹಾಕುವ ನೀಲಿ ಅಂಗಿಯ ತೋಳು, ಪರದೆಯ ಮೇಲೆ ಇಟ್ಟ ಬೆರಳು. ಬೇರೆಯವರಿಂದ ಉತ್ತರ ಹೇಳಿಸಿಕೊಂಡಿದ್ದೀರಿ ಎಂದು ಆರೋಪ. ಹತ್ತು ದಿನದೊಳಗೆ ಎರಡು ಪತ್ರ ಕಳಿಸಿದರೆ ವಿಚಾರ ಮಾಡುತ್ತಾರಂತೆ. ಒಳಗೆ ಬಂದ ವ್ಯಕ್ತಿ ತಾನು ಯಾರು, ಯಾಕೆ ಬಂದೆ ಎಂದು ಸಹಿ ಮಾಡಿದ ಹೇಳಿಕೆ ಒಂದು. ಅದು ಕೆಲಸದ ಜಾಗ ಎಂದು ಕಂಪನಿಯ ಪತ್ರ ಇನ್ನೊಂದು.

ನನಗೆ ಅರ್ಥವಾಗಲೆಂದು ಆಕೆ ಹೇಳಿಕೆಯನ್ನು ಹಿಂದಿಯಲ್ಲಿ ಟೈಪ್ ಮಾಡಿಸಿ ತಂದಳು. ಓದಿ ತೋರಿಸಿದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸಹಿಯೊಂದೇ ಬಾಕಿ.

"ನಾಳೆ ಮಾಡ್ತೀನವ್ವಾ, ಕನ್ನಡಕ ಮರತು ಬಂದೀನಿ" ಎಂದೆ. ಮರುದಿನ ಟ್ರಕ್ಕು ಬಂತೆಂದೆ. ಅದರ ಮರುದಿನ ರಜೆ ಹಾಕಿದೆ. ನನ್ನ ನಿವೃತ್ತಿಗೆ ಇನ್ನು ಐದು ತಿಂಗಳಿತ್ತು. ಆಸ್ಪತ್ರೆಯವರು ತಪಾಸಣೆಗೆ ಬರುವವರಿದ್ದರು. ಸಹಿ ಮಾಡಿದರೆ, ನಿಯಮ ಮುರಿದು ಕೀಲಿ ಕೊಟ್ಟವನು ಇವನೇ ಎಂದು ಬರವಣಿಗೆಯಲ್ಲೇ ಸಿಕ್ಕಿಬೀಳುತ್ತೇನೆ. ಹಿಂದಿನ ವರ್ಷ ಇಂಥದೇ ತಪ್ಪಿಗೆ ಒಬ್ಬ ಸೂಪರ್‌ವೈಸರನನ್ನು ಆ ದಿನವೇ ಗೇಟಿನ ಹೊರಗೆ ಹಾಕಿದ್ದರು. ಅಷ್ಟು ವರ್ಷ ದುಡಿದು, ಹಾರ ಶಾಲು ಇಲ್ಲದೆ, ಕಳ್ಳನಂತೆ ಹೋಗುವುದೇ? ಹೆಂಡತಿ ಮಕ್ಕಳು ಉಪವಾಸ ಬೀಳುತ್ತಿದ್ದರು ಎಂದು ಬರೆದರೆ ನಿಮಗೆ ನನ್ನ ಮೇಲೆ ಕನಿಕರ ಬರಬಹುದು. ಆದರೆ ಹಾಗಿರಲಿಲ್ಲ. ಮಗ ದುಡಿಯುತ್ತಿದ್ದ. ನನಗೆ ಬೇಕಾಗಿದ್ದದ್ದು ಮರ್ಯಾದೆಯ ಬೀಳ್ಕೊಡುಗೆ, ಅಷ್ಟೇ.

ಒಂಬತ್ತನೆಯ ದಿನ ಆಕೆ ಕಂಪನಿಯ ಪತ್ರ ಕೇಳಲು ಮ್ಯಾನೇಜರರ ಹತ್ತಿರ ಹೋದಳು. ಅವರು ಫೋಟೊ ನೋಡಿ ನನ್ನನ್ನು ಕರೆಸಿದರು.

"ಕಾಕಾ, ಉಸ್ ದಿನ್ ಚಾಬಿ ಕಿಸ್ ಕೆ ಪಾಸ್ ಥೀ?" ಕೀಲಿ ಯಾರ ಬಳಿ ಇತ್ತು?

"ಬೋರ್ಡ್ ಪೆ ಟಂಗೀ ಥೀ ಸಾಬ್" ಎಂದೆ. ಬೋರ್ಡಿಗೆ ತೂಗಹಾಕಿತ್ತು.

"ಔರ್ ಯೆ ಕೌನ್ ಹೈ?" ಇದು ಯಾರೆಂದು ಫೋಟೊದ ಬೆರಳು ತೋರಿಸಿದರು.

"ಕೋಈ ಹೆಲ್ಪರ್ ಹೋಗಾ ಸಾಬ್. ಮೇರೆಕೋ ಮಾಲೂಮ್ ನಹೀಂ." ಯಾರೋ ಹೆಲ್ಪರ್ ಇರಬೇಕು, ನನಗೆ ಗೊತ್ತಿಲ್ಲ ಎಂದೆ.

ಆಕೆ ನನ್ನ ಪಕ್ಕದಲ್ಲೇ ನಿಂತಿದ್ದಳು. ಒಂದು ಮಾತು ಸಾಕಿತ್ತು. ವಾಚ್‌ಮನ್ ನನ್ನನ್ನು ಆ ಬಾಗಿಲಲ್ಲಿ ನೋಡಿದ್ದ, ಕರೆಸಿ ಕೇಳಿ ಎನ್ನಬಹುದಿತ್ತು. ಆಕೆ ನನ್ನ ಕಡೆ ತಿರುಗಿ ನೋಡಿದಳು. ಆಮೇಲೆ, "ಕಾಕಾ ಸಹೀ ಬೋಲ್ ರಹೇ ಹೈಂ ಸರ್. ಚಾಬಿ ಮೈಂನೇ ಹೀ ಲೀ ಥೀ" ಎಂದಳು. ಕೀಲಿಯನ್ನು ತಾನೇ ತೆಗೆದುಕೊಂಡದ್ದೆಂದು.

ಕಂಪನಿಯ ಪತ್ರ ಸಿಗಲಿಲ್ಲ, ನಿಯಮ ಮುರಿದದ್ದಕ್ಕೆ ಆಕೆಗೆ ಮೆಮೊ ಸಿಕ್ಕಿತು. ವಿಶ್ವವಿದ್ಯಾಲಯದವರು ಆ ಟರ್ಮಿನ ಎಲ್ಲ ವಿಷಯಗಳನ್ನೂ ರದ್ದು ಮಾಡಿ, ಒಂದು ವರ್ಷ ಪರೀಕ್ಷೆಗೆ ಕೂರದಂತೆ ಮಾಡಿದರು. ಭಿವಂಡಿಯ ಜಾಗಕ್ಕೆ ಹೊರಗಿನವರು ಬಂದರು. ಎರಡು ತಿಂಗಳಿಗೆ ಆಕೆ ರಾಜೀನಾಮೆ ಕೊಟ್ಟಳು. ಹೋಗುವ ದಿನ ನನ್ನ ಟೇಬಲ್ ಹತ್ತಿರ ಬಂದು, "ಮನ್ಯಾಗ ಅಪ್ಪಗ ನಾಪಾಸಾದೆ ಅಂತ ಹೇಳೀನಿ ಕಾಕಾ. ಕಾಪಿ ಹೊಡದ್ಲು ಅಂದ್ರ ಅವರು ತಾಳೂದಿಲ್ಲ. ಎಲ್ಲೆರ ಸಿಕ್ಕರ ನೀವೂ ಹಂಗs ಹೇಳ್ರಿ" ಎಂದಳು. ಹೂಂ ಎಂದೆ. ಆಗಲೂ ಅಷ್ಟೇ ಅಂದೆ.

ನನ್ನ ಬೀಳ್ಕೊಡುಗೆ ಚೆನ್ನಾಗಿ ಆಯಿತು. ಮ್ಯಾನೇಜರ್ ಸಾಹೇಬರು ಭಾಷಣದಲ್ಲಿ ಇಸ್ತ್ರಿ ಮಷೀನಿನ ಗುಡ್ಡ ಕರಗಿಸಿದ ಕಥೆಯನ್ನೇ ಹೇಳಿದರು.

ನಿವೃತ್ತನಾದ ಮೇಲೆ ಒಂದು ಸಲ ಧೈರ್ಯ ಮಾಡಿ ಆಂಟಾಪ್ ಹಿಲ್‌ಗೆ ಹೋದೆ. ಆಕೆ ಮನೆಯಲ್ಲಿ ಇರಲಿಲ್ಲ. ಪವಾಯಿಯ ಯಾವುದೋ ಆಫೀಸಿನಲ್ಲಿ ಕೆಲಸ ಸಿಕ್ಕಿದೆ, ಬರುವುದು ತಡ ಎಂದರು ಅವರಪ್ಪ. ಗಾರೆ ಕಲಸಿ ಕಲಸಿ ಬಿರುಕುಬಿಟ್ಟ ಕೈಯಿಂದ ಕುರ್ಚಿ ಒರೆಸಿ ಕೂರಿಸಿದರು.

"ಬರ್ರಿ ಬರ್ರಿ, ನಿಮ್ಮ ಹೆಸರ ಭಾಳ ಹೇಳ್ತಿದ್ಲು ನಮ್ಮ ಹುಡುಗಿ. ನಾಪಾಸ್ ಆದಾಗಿಂದ ಪುಸ್ತಕ ಮುಟ್ಟಿಲ್ಲ ನೋಡ್ರಿ. ಸಣ್ಣಾಕಿ ಇದ್ದಾಗಿಂದ ಒಂದ್ ಸಲಾನೂ ಫೇಲ್ ಆದಾಕಿ ಅಲ್ಲ. ತಲಿಗೆ ಏನ್ ಬಡೀತೋ! ನೀವರ ಒಂದ್ ಮಾತ್ ಹೇಳ್ರಿ, ಮತ್ತ ಕೂಡು ಅಂತ."

"ಹೇಳ್ತೀನ್ರಿ" ಎಂದೆ.

"ಅಲ್ರೀ, ಅಷ್ಟೇನು ತ್ರಾಸಿನ ಪರೀಕ್ಷಾ ಅದು?"

"ನಾನು ಓದಿದಾಂವ ಅಲ್ರಿ, ನನಗೇನ್ ತಿಳೀತದ" ಎಂದೆ. ಅವರು ಕೊಟ್ಟ ಉಪ್ಪಿಟ್ಟು ತಿಂದು ಎದ್ದು ಬಂದೆ. ಮಗಳು ನಾಪಾಸಾದಳು ಎಂದು ನಂಬಿ ಕುಳಿತ ತಂದೆಯ ಎದುರು, ಇಲ್ಲ ಎಂದು ಹೇಳಬಲ್ಲ ಒಬ್ಬನೇ ಮನುಷ್ಯ ಉಪ್ಪಿಟ್ಟು ತಿಂದು ಬಂದ.

ಸೂಪರ್‌ವೈಸರ್ ಆಗುವ ಮಕ್ಕಳಿಗೆ ನಾನು ಹೇಳಬೇಕಾದದ್ದು ಇಷ್ಟು. ನಿಮ್ಮ ಕೈಕೆಳಗೆ ದುಡಿಯುತ್ತ ಓದುವವರು ಇದ್ದೇ ಇರುತ್ತಾರೆ. ಅವರಿಗೆ ಅಡ್ಡಹೆಸರು ಇಡಬೇಡಿ. ರಜೆಯ ಚಾರ್ಟ್ ಬರೆಯುವ ಮೊದಲು ಪರೀಕ್ಷೆಯ ದಿನ ಕೇಳಿಕೊಳ್ಳಿ. ನಿಮಗೆ ತಿಳಿಯದ ನಿಯಮವನ್ನು ಅವರು ಹೇಳಿದರೆ ಅದು ನಿಮಗೂ ಸೇರಿ ಹೇಳಿದ್ದು ಎಂದು ತಿಳಿಯಿರಿ. ಪ್ರೀತಿಯಿಂದ ಮಾಡಿದ ತಪ್ಪು ಯಾರಿಂದಲೂ ಆಗುತ್ತದೆ, ಅದಕ್ಕೆ ಕ್ಷಮೆ ಉಂಟು. ಆಮೇಲಿನ ಒಂಬತ್ತು ದಿನ ನಾನು ಮಾಡಿದ್ದು ತಪ್ಪಲ್ಲ, ಅದಕ್ಕೆ ಬೇರೆ ಹೆಸರಿದೆ.

ಈ ಸಂಚಿಕೆ ಆಂಟಾಪ್ ಹಿಲ್‌ನ ಮನೆಗಳಿಗೂ ಹೋಗುತ್ತದೆ. ಅವರಪ್ಪ ಕನ್ನಡ ಓದುತ್ತಾರೆ. ಮುಚ್ಚಿಡಿ ಎಂದು ಆಕೆ ಕೇಳಿಕೊಂಡದ್ದನ್ನು ಆಕೆಯ ಒಪ್ಪಿಗೆಯಿಲ್ಲದೆಯೇ ಬಿಚ್ಚುತ್ತಿದ್ದೇನೆ, ಅದಕ್ಕೂ ಆಕೆ ಸಿಟ್ಟಾಗಬಹುದು. ಆದರೂ ಅಂದು ಸಹಿ ಮಾಡದ ಹೇಳಿಕೆಯನ್ನು ಇಲ್ಲಿ ನನ್ನ ಕೈಯಾರೆ ಬರೆಯುತ್ತಿದ್ದೇನೆ. ಆ ಭಾನುವಾರ ಹೊಲಿಗೆ ಕೋಣೆಯ ಕೀಲಿ ಕೊಟ್ಟವನು ನಾನು. ಪರೀಕ್ಷೆಯ ನಡುವೆ ಒಳಗೆ ಹೋದವನು, ಮಾತಾಡಿದವನು, ಪರದೆಯ ಮೇಲೆ ಬೆರಳಿಟ್ಟವನು ನಾನು. ಅಲ್ಲಿದ್ದ ಪ್ರಶ್ನೆ ನನಗೆ ಅರ್ಥವಾಗುವಂಥದಲ್ಲ, ಉತ್ತರವಂತೂ ದೂರವೇ ಉಳಿಯಿತು. ಪರೀಕ್ಷೆ ಬರೆಯುತ್ತಿದ್ದವಳು ನಕಲು ಮಾಡಲಿಲ್ಲ, ನಾಪಾಸೂ ಆಗಲಿಲ್ಲ. ನಾನು ಇದುವರೆಗೆ ಕ್ಷಮೆ ಕೇಳದೆ ಉಳಿದ ಆ ಹೆಣ್ಣುಮಗಳ ಹೆಸರು ಸುಜಾತಾ ಮಲ್ಲಪ್ಪ ಹೊಸಮನಿ.